ಗುಂಡಣ್ಣನ ಬಾಗಿಲು

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಳ್ಳಿದ್ದರೆ ನನ್ನ ಎಡಗಡೆಯ ಮೀಸೆಯನ್ನು ನೀವೇ ಬೋಳಿಸಬಹುದು. ಬಲಗಡೆಯದನ್ನು ಮಾತ್ರ ಕೇಳಬೇಡಿ, ಅದು ಹಿಂದಿನ ಕಥೆಯೊಂದಕ್ಕೆ ಹೋಯಿತು.

ನೀರು ಶುದ್ಧ ಮಾಡುವ ಘಟಕದಲ್ಲಿ ಒಬ್ಬ ಪಂಪ್ ಆಪರೇಟರ್ ಇದ್ದ. ಎಲ್ಲರೂ ಅವನನ್ನು ಪಂಪಿನವನು ಎಂದೇ ಕರೆಯುತ್ತಿದ್ದರು. ವಯಸ್ಸು ಮೂವತ್ತೆಂಟು, ಮದುವೆಯಾಗಿರಲಿಲ್ಲ, ಮಾತು ಕಡಿಮೆ. ಎಷ್ಟು ಕಡಿಮೆ ಎಂದರೆ, ಒಮ್ಮೆ ಕಾಲಿನ ಮೇಲೆ ಕಬ್ಬಿಣದ ಪೈಪು ಬಿದ್ದಾಗ "ಅಯ್ಯೋ" ಎನ್ನಲು ಮರುದಿನ ಬೆಳಗಿನವರೆಗೆ ಸಮಯ ತೆಗೆದುಕೊಂಡಿದ್ದ. ಕೇಳಿಸಿಕೊಂಡವರು ಇನ್ನೂ ಬದುಕಿದ್ದಾರೆ.

ಆದರೆ ಯಂತ್ರಗಳ ಹತ್ತಿರ ಅವನು ಬೇರೆಯೇ ಮನುಷ್ಯ. ಎರಡನೇ ನಂಬರಿನ ಪಂಪು ಅವನ ಅಪ್ಪನಷ್ಟು ಹಳೆಯದು. ಸ್ವಿಚ್ ಒತ್ತಿದರೆ ಕೆಮ್ಮಿ ಸುಮ್ಮನಾಗುತ್ತಿತ್ತು. ಆಗ ಇವನು ಅದರ ಬೆನ್ನಿನ ಮೇಲೆ ಕೈಯಿಟ್ಟು, "ಏಳು ರಾಜಾ. ಗಂಟೆ ಆರಾಯ್ತು. ಊರಿನವರೆಲ್ಲ ಮುಖ ತೊಳೀಬೇಕು, ನೀನು ಹೀಗೆ ಮುನಿಸ್ಕೊಂಡ್ರೆ ಹೇಗೆ?" ಎಂದು ಐದು ನಿಮಿಷ ಮಾತಾಡಿಸಿದರೆ ಗುರ್ ಎಂದು ಹೊರಡುತ್ತಿತ್ತು. ಎಂಜಿನಿಯರ್ ಸಾಹೇಬರು ಇದನ್ನು ನಂಬುತ್ತಿರಲಿಲ್ಲ. ಇವನು ರಜೆ ಹಾಕಿದ ದಿನ ಮಾತ್ರ ಅವರೇ ಆಚೀಚೆ ನೋಡಿ ಪಂಪಿನ ಕಡೆ ಬಗ್ಗಿ ಏನೋ ಪಿಸುಗುಟ್ಟುತ್ತಿದ್ದರು.

ಒಂದು ಸೋಮವಾರ ಸಾಹೇಬರು ಅವನ ಕೈಗೆ ಒಂದು ಫಾರಂ ಕೊಟ್ಟರು.

"ಏನಯ್ಯಾ, ನಾಲ್ಕನೇ ಕೊಳದ ತಳಕ್ಕೆ ಶುಕ್ರವಾರ ಕಾಂಕ್ರೀಟ್ ಹಾಕ್ತಾರೆ. ನಾಲ್ಕು ಗಂಟೆಗೆ ಲಾರಿ ಬರುತ್ತೆ. ಅಷ್ಟರೊಳಗೆ ಮ್ಯೂಸಿಯಂನವರ ಸಹಿ ಬೇಕು, ಅಲ್ಲಿ ಜೀವ ಇರೋದು ಏನೂ ಇಲ್ಲ ಅಂತ. ಒಂದು ಚಿಪ್ಪು ತಗೊಂಡು ಹೋಗಿ ತೋರಿಸು. ಸಂಜೆಯಿಂದ ಕೊಳದ ಗೇಟಿಗೆ ಗುತ್ತಿಗೆದಾರನ ಬೀಗ, ಈಗಲೇ ತೆಗೆದಿಟ್ಕೊ."

ನಾಲ್ಕನೇ ಕೊಳ ಸೋರುತ್ತಿತ್ತೆಂದು ಖಾಲಿ ಮಾಡಿ ಹದಿನಾಲ್ಕು ತಿಂಗಳಾಗಿತ್ತು. ತಳದ ಕೆಸರು ಒಣಗಿ ಇಟ್ಟಿಗೆಯಂತಾಗಿತ್ತು. ಪಂಪಿನವನು ಸ್ಪ್ಯಾನರ್‌ನಿಂದ ಅಗೆದು ಒಂದು ಬಸವನಹುಳುವನ್ನು ತೆಗೆದ. ಸೇಬಿನಷ್ಟು ದಪ್ಪ, ಕಂದು ಬಣ್ಣ. ಅದನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಮ್ಯೂಸಿಯಂಗೆ ಹೋದ. ಊಟ ಜೇಬಿಗೆ ಹೋಯಿತು, ಅದು ಬೇರೆ ಕಥೆ.

ಚಿಪ್ಪಿನ ವಿಭಾಗ ಮೂರನೇ ಮಹಡಿಯ ಕೊನೆಯ ಕೋಣೆ. ಸೂರಿನವರೆಗೆ ಮರದ ಡ್ರಾಯರುಗಳು. ಅವುಗಳ ನಡುವೆ ಏಣಿಯ ಮೇಲೆ ನಿಂತು, ತಲೆಯ ಮೇಲೆ ಕನ್ನಡಕ ಏರಿಸಿಕೊಂಡು ಕನ್ನಡಕವನ್ನೇ ಹುಡುಕುತ್ತಿದ್ದವರು ಚಿಪ್ಪಿನ ಮೇಡಂ. ಹದಿಮೂರು ವರ್ಷ ಅದೇ ಕೋಣೆ. ಪೆನ್ನು ಕಚ್ಚುವ ಅಭ್ಯಾಸ. ಅದರಿಂದ ಕೆಳತುಟಿಯ ಎಡಮೂಲೆಯಲ್ಲಿ ನೀಲಿ ಶಾಯಿಯ ಒಂದು ಚುಕ್ಕೆ. ಸಾಸಿವೆ ಕಾಳಿಗಿಂತ ಚಿಕ್ಕದು.

ಪಂಪಿನವನು ಆ ಚುಕ್ಕೆಯನ್ನು ನೋಡಿದ. ಅಷ್ಟೇ. ಎದೆಯೊಳಗೆ ಎರಡನೇ ನಂಬರಿನ ಪಂಪು ಯಾರೂ ಮಾತಾಡಿಸದೆಯೇ ಶುರುವಾಯಿತು.

"ಏನು ತಂದಿದ್ದೀರಿ?"

ಅವನು ಡಬ್ಬಿ ತೆರೆದು ಮುಂದೆ ಚಾಚಿದ.

ಮೇಡಂ ಏಣಿಯಿಂದ ಇಳಿಯಲಿಲ್ಲ, ಹಾರಿದರು. "ಅಯ್ಯಯ್ಯೋ! ಎಲ್ಲಿ ಸಿಕ್ತು ಇದು? ಎಲ್ರೀ ಸಿಕ್ತು?" ಎನ್ನುತ್ತಾ ಭೂತಗನ್ನಡಿ ಹಿಡಿದು ತುದಿಗಾಲಿನಲ್ಲಿ ನಿಂತರು. "ಹೊಟ್ಟೆ ಮೇಲೆ ಮೂರು ಪಟ್ಟೆ, ನಡುವಿನದು ಮಾತ್ರ ತುಂಡು ತುಂಡು! ಇದೇ, ಇದೇ! ಮೂವತ್ತೊಂದು ವರ್ಷದಿಂದ ಯಾರೂ ನೋಡಿಲ್ಲ ಇದನ್ನ. ಪಟ್ಟಿಯಲ್ಲಿ 'ಕಣ್ಮರೆ' ಅಂತ ನನ್ನ ಕೈಯಾರೆ ಬರೆದಿದ್ದೀನಿ!" ಎಂದು ಅದರ ಶಾಸ್ತ್ರೀಯ ಹೆಸರನ್ನು ಹೇಳಿದರು. ಪಂಪಿನವನಿಗೆ ಅದು ಕೆಮ್ಮಿನ ಔಷಧಿಯ ಹೆಸರಿನಂತೆ ಕೇಳಿಸಿತು.

"ನಾವು ಗುಂಡಣ್ಣ ಅಂತೀವಿ," ಎಂದ. ಅವನ ಮಟ್ಟಿಗೆ ಅದು ಭಾಷಣ.

"ಇನ್ನೂ ಎಷ್ಟಿವೆ?"

"ನಾಲ್ಕನೇ ಕೊಳದ ತುಂಬ."

"ನೀರಲ್ಲಿ?"

"ನೀರಿಲ್ಲ. ಖಾಲಿ ಮಾಡಿ ಹದಿನಾಲ್ಕು ತಿಂಗಳಾಯ್ತು."

"ಯಾರು ಖಾಲಿ ಮಾಡಿದ್ದು?"

"ನಾನೇ."

ಮೇಡಂ ತುದಿಗಾಲಿನಿಂದ ಇಳಿದರು. ಮುಖದ ಮೇಲಿದ್ದ ಬೆಳಕನ್ನು ಯಾರೋ ವಾಲ್ವ್ ತಿರುಗಿಸಿ ನಿಲ್ಲಿಸಿದಂತಾಯಿತು. "ಹಾಗಾದ್ರೆ ಒಂದು ವಂಶವನ್ನೇ ಮುಗಿಸಿದ ಪುಣ್ಯಾತ್ಮರು ನೀವೇ ಅನ್ನಿ."

"ಮ..."

"ಏನು?"

"ಮಲಗಿದೆ."

"ಕೊಳ ಒಣಗಿದ್ರೆ ಇದರ ನೆಂಟರು ಐದಾರು ತಿಂಗಳು ಕೆಸರಲ್ಲಿ ಮಲಗ್ತಾರೆ, ನಾನೂ ಓದಿದ್ದೀನಿ. ಹದಿನಾಲ್ಕು ತಿಂಗಳು ಮಲಗಿದ್ರೆ ಅದನ್ನ ನಿದ್ದೆ ಅನ್ನಲ್ಲ ರೀ, ಬೇರೆ ಪದ ಇದೆ." ಮಾತಾಡುತ್ತಲೇ ಅವರ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಹದಿಮೂರು ವರ್ಷದ ರೂಢಿ. ಚಿಪ್ಪನ್ನು ಒರೆಸಿತು, ಬ್ರಷ್ಷು ಅದ್ದಿತು, ಏನೋ ಬಳಿಯಿತು, ಬೆನ್ನಿನ ಮೇಲೆ ಪುಟ್ಟ ಅಂಕಿಗಳಲ್ಲಿ ಬರೆಯಿತು: ೮೪೧೨. "ಶುಕ್ರವಾರ ಬನ್ನಿ. ಸಹಿ ಹಾಕ್ತೀನಿ. ಹಾಕದೆ ಇನ್ನೇನು ಮಾಡ್ಲಿ?"

ಹಾಗೆನ್ನುತ್ತಾ ಮೇಡಂ ಚಿಪ್ಪಿನ ಬೆನ್ನನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಪಂಪಿನವನು ಅದನ್ನೂ ನೋಡಿದ. ಏನಾದರೂ ಹೇಳಬೇಕಿತ್ತು. ಬಾಯಿ ತೆರೆದ. ಬಾಯಿ ಮುಚ್ಚಿದ. ಮೆಟ್ಟಿಲು ಇಳಿದ.

ಸರಿಯಾದ ಉತ್ತರ ಅವನಿಗೆ ಹೊಳೆದದ್ದು ಮರುದಿನ ಬೆಳಿಗ್ಗೆ, ಹಲ್ಲುಜ್ಜುವಾಗ.

"ಅಕ್ಕಾ! ಸತ್ತವನು ತಾನೇ ಬಾಗಿಲು ಹಾಕ್ಕೊಳ್ತಾನಾ?"

ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ರವಿಕೆಗೆ ತೋಳು ಸೇರಿಸುತ್ತಿದ್ದಳು. ಯಂತ್ರ ನಿಲ್ಲಿಸಿ ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ಲೋ, ಬೆಳಿಗ್ಗೆಯಿಂದ ಎರಡು ಸಲ ಗಡ್ಡ ಕೆರೆದಿದ್ದೀಯ. ಇಸ್ತ್ರಿ ಶರ್ಟು. ಈಗ ಹೆಣದ ವಿಚಾರ. ಹುಡುಗಿ ಯಾರು?"

"ಹುಡುಗಿ ಅಲ್ಲ. ಮೇಡಂ."

"ಮಾತಾಡಿದ್ಯಾ?"

"ಹ್ಞೂಂ."

"ಎಷ್ಟು ಪದ?"

ಅವನು ಬೆರಳು ಮಡಚಿ ಎಣಿಸಿದ. "ಹತ್ತಿರ ಹತ್ತಿರ ಹದಿನೈದು."

ಅಕ್ಕನ ಬಾಯಲ್ಲಿದ್ದ ಗುಂಡುಸೂಜಿ ಕೆಳಗೆ ಬಿತ್ತು. "ಹದಿನೈದು! ಲೋ, ನನ್ನ ಮದುವೆಯಲ್ಲಿ ಬಂದೋರಿಗೆಲ್ಲ ಸೇರಿ ನೀನು ಅಷ್ಟು ಆಡಿರಲಿಲ್ಲ ಕಣೋ. ಹೋಗು, ಹೋಗು, ನಿಂತ್ಕೋಬೇಡ! ತಡ ಮಾಡಿದ್ರೆ ಮತ್ತೆ ಬಾಯಿ ಮುಚ್ಚಿಹೋಗುತ್ತೆ!"

ಪಂಪಿನವನು ಮೂರು ಮಹಡಿ ಹತ್ತಿ, ಬಾಗಿಲಲ್ಲೇ ನಿಂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ: "ಸತ್ತವನು ತಾನೇ ಬಾಗಿಲು ಹಾಕ್ಕೊಳ್ಳಲ್ಲ ಮೇಡಂ. ಸತ್ರೆ ಬಾಯಿಯ ಬಾಗಿಲು ಕಳಚಿ ಬೀಳುತ್ತೆ. ವಾಸನೆ ಬರುತ್ತೆ. ಗುಂಡಣ್ಣನ ಬಾಗಿಲು ಭದ್ರವಾಗಿದೆ. ಎರಡನೇ ಕೊಳ ಹಿಂದೆ ಐದು ತಿಂಗಳು ಒಣಗಿತ್ತು. ನೀರು ಬಿಟ್ಟಾಗ ತಳದಲ್ಲೆಲ್ಲ ಟಕ್ ಟಕ್ ಟಕ್ ಅಂತ ಬಾಗಿಲು ತೆಗೆದದ್ದನ್ನ ನಾನು ಕಿವಿಯಾರೆ ಕೇಳಿದ್ದೀನಿ."

ಮೇಡಂ ತುಟಿ ಕಚ್ಚಿದರು. ಆಮೇಲೆ ಮೇಜಿನ ಕೆಳಗಿಂದ ಒಂದು ಗಾಜಿನ ಬೋಗುಣಿಯನ್ನು ಮೆಲ್ಲಗೆ ಮೇಲಕ್ಕೆತ್ತಿಟ್ಟರು. ಬೋಗುಣಿಯ ತುಂಬ ನೀರು. ನೀರಿನ ತಳದಲ್ಲಿ ೮೪೧೨.

"ನೀವು ಹೋದ ಮೇಲೆ... ಸುಮ್ನೆ... ಹಾಕಿಟ್ಟೆ," ಎಂದರು. ಕಿವಿ ಕೆಂಪಾಗಿತ್ತು. "ಎದ್ದಿಲ್ಲ."

ಅವನು ಬಗ್ಗಿ ನೀರಿನ ವಾಸನೆ ನೋಡಿದ. "ನಲ್ಲಿ ನೀರು."

"ಹೌದು."

"ಇದಕ್ಕೆ ಕ್ಲೋರಿನ್ ಹಾಕಿದ್ದು ನಾನೇ ಮೇಡಂ. ಈ ನೀರಲ್ಲಿ ನಾನಾದ್ರೂ ಏಳಲ್ಲ."

ಮೇಡಂ ನಕ್ಕರು. ಆ ನಗುವಿಗೆ ಎದುರಿನ ಡ್ರಾಯರ್ ತಾನಾಗಿ ಅರ್ಧ ಇಂಚು ತೆರೆದುಕೊಂಡಿತು. ಮರ ಹಿಗ್ಗಿದ್ದು ಎನ್ನುವವರು ಎನ್ನಲಿ.

ಅರ್ಧ ಗಂಟೆಯಲ್ಲಿ ಅವನು ಮೂರನೇ ಕೊಳದ ಪಾಚಿ ನೀರನ್ನು ಕ್ಯಾನಿನಲ್ಲಿ ಹೊತ್ತು ತಂದ. ಅವತ್ತಿನಿಂದ ಕಾವಲು ಶುರು. ಕೆಲಸ ಮುಗಿದ ಕೂಡಲೇ ಪಂಪಿನವನು ಬರುವುದು, ನೀರು ಬದಲಾಯಿಸುವುದು, ಬೋಗುಣಿಯ ಆಚೆ ಒಬ್ಬರು, ಈಚೆ ಒಬ್ಬರು ಗಲ್ಲಕ್ಕೆ ಕೈಕೊಟ್ಟು ಕೂರುವುದು. ಗಾಜಿನ ಮೂಲಕ ನೋಡಿದರೆ ಮೇಡಂ ಕಣ್ಣು ಇಮ್ಮಡಿಯಾಗಿ ಕಾಣುತ್ತಿತ್ತು. ಅವನು ಹುಳುವನ್ನು ನೋಡುವ ನೆಪದಲ್ಲಿ ಕಣ್ಣನ್ನು ನೋಡಿದ. ಕಣ್ಣು ಒಮ್ಮೆ ಹುಳುವನ್ನು ಬಿಟ್ಟು ಅವನನ್ನು ನೋಡಿತು. ಇಬ್ಬರೂ ಕೂಡಲೇ ಸೂರು ನೋಡಿದರು.

"ಎದ್ರೆ ಮೊದಲು ಏನು ಮಾಡುತ್ತೆ?" ಮೇಡಂ ಕೇಳಿದರು.

"ನಿಮಗೆ ಗೊತ್ತಿಲ್ವಾ?"

"ನನಗೆ ಅರವತ್ತು ಸಾವಿರ ಚಿಪ್ಪು ಗೊತ್ತು. ಒಳಗಿರೋರು ಒಬ್ಬರೂ ಗೊತ್ತಿಲ್ಲ." ಇದನ್ನು ಅವರು ನಗುತ್ತಲೇ ಹೇಳಿದರು. "ನನ್ನ ಹತ್ರ ಬರೋ ಹೊತ್ತಿಗೆ ಎಲ್ಲ ಮನೆ ಖಾಲಿ ಮಾಡಿರ್ತಾರೆ."

ಪಂಪಿನವನ ಪದಗಳ ಅಣೆಕಟ್ಟಿನಲ್ಲಿ ಎಲ್ಲೋ ಬಿರುಕು ಬಿಟ್ಟಿತು. "ಮೊದಲು ಬಾಗಿಲು ಕೂದಲೆಳೆಯಷ್ಟು ತೆಗೆಯುತ್ತೆ. ನೀರು ರುಚಿ ನೋಡುತ್ತೆ. ಇಷ್ಟ ಆದ್ರೆ ಎಡಗಡೆಯಿಂದ ಒಂದು ಕೊಳವೆ ಬಿಟ್ಟು ನೀರಿನ ಮೇಲಕ್ಕೆ ಚಾಚುತ್ತೆ, ಆನೆ ಸೊಂಡಿಲು ಎತ್ತಿದ ಹಾಗೆ. ಅದರಲ್ಲಿ ಗಾಳಿ ಎಳೆಯುತ್ತೆ. ಮೈಯೆಲ್ಲ ಮುಂದೆ ಹಿಂದೆ, ಮುಂದೆ ಹಿಂದೆ. ನಮ್ಮ ಎರಡನೇ ಪಂಪಿನ ತಾಳವೇ."

"ಕಿವಿರೂ ಇದೆ, ಶ್ವಾಸಕೋಶವೂ ಇದೆ," ಎಂದರು ಮೇಡಂ, ತುದಿಗಾಲಿಗೆ ಏರುತ್ತಾ. "ನೀರಿಗೊಂದು, ಗಾಳಿಗೊಂದು! ಒಂದೇ ಮೈಯಲ್ಲಿ!"

"ಮೊಟ್ಟೆ ಮಾತ್ರ ನೀರಲ್ಲಿ ಇಡಲ್ಲ. ದಡ ಹತ್ತಿ, ಒದ್ದೆ ಮಣ್ಣಲ್ಲಿ ಗುಳಿ ಮಾಡಿ ಇಡುತ್ತೆ. ಬಿಳೀ ಮಣಿಗಳ ಹಾಗೆ, ನೂರಾರು."

"ಮತ್ತೆ... ಜೋಡಿ?"

"ಜೋಡಿಯಾದ್ರೆ ಮೂರು ಗಂಟೆ ಕದಲಲ್ಲ."

"ಮೂರು ಗಂಟೆ! ಏನು ಮಾತಾಡ್ಕೊಳ್ತವೆ?"

"ಏನೂ ಇಲ್ಲ." ಪಂಪಿನವನು ಮೇಜು ನೋಡಿದ. "ಮಾತು ಬರದೋರಿಗೂ ಆಗುತ್ತೆ ಅಂತ ಆಯ್ತು."

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಉಸಿರಾಡಲಿಲ್ಲ. ಹುಳುವಂತೂ ಮೊದಲೇ ಇಲ್ಲ.

ಬುಧವಾರ ಏಳಲಿಲ್ಲ. ಗುರುವಾರ ಏಳಲಿಲ್ಲ. ನೀರನ್ನು ಬಿಸಿಲಲ್ಲಿಟ್ಟು ಬೆಚ್ಚಗೆ ಮಾಡಿದರು, ಏಳಲಿಲ್ಲ. ಎಲೆ ತೋರಿಸಿದರು, ಇಲ್ಲ. ಗುರುವಾರ ಹೊರಡುವಾಗ ಮೇಡಂ ಫಾರಂ ಅನ್ನು ಮೇಜಿನ ಮೇಲೆ ಬಿಡಿಸಿಟ್ಟು, "ನಾಳೆ ನಾಲ್ಕು ಗಂಟೆಯೊಳಗೆ ಎದ್ರೆ ಕೊಳ ಉಳಿಯುತ್ತೆ. ಏಳದಿದ್ರೆ ಕೆಸರಲ್ಲಿರೋ ಅಷ್ಟೂ ಜೀವಕ್ಕೆ ನನ್ನ ಸಹಿಯೇ ಮುಚ್ಚಳ," ಎಂದರು. ಸ್ವಲ್ಪ ತಡೆದು, "ಆಮೇಲೆ ನೀವು ಈ ಕಡೆ ಬರೋಕೆ ಕಾರಣವೂ ಇರಲ್ಲ, ಅಲ್ವಾ?" ಎಂದು ಸೇರಿಸಿದರು.

ಅದಕ್ಕೂ ಉತ್ತರ ಇತ್ತು. ಗಂಟಲವರೆಗೆ ಬಂತು. ಬಾಗಿಲು ಹಾಕಿತ್ತು.

ಶುಕ್ರವಾರ ಮೂರು ಗಂಟೆ. ಎಂಜಿನಿಯರ್ ಸಾಹೇಬರ ಫೋನು. "ಮೇಡಂ, ಸಹಿ ಆಯ್ತಾ? ಲಾರಿ ಹೊರಟಿದೆ."

"ಒಂದು ಗಂಟೆ ಇದೆಯಲ್ಲ ಸಾರ್."

ಮೂರೂ ಕಾಲಿಗೆ ಮತ್ತೆ ಫೋನು. ಲಾರಿ ದೊಡ್ಡ ರಸ್ತೆಗೆ ಬಂದಿತ್ತು. ಮೇಡಂ ಪೆನ್ನಿನ ಕ್ಯಾಪು ತೆಗೆದರು, ಹಾಕಿದರು, ತೆಗೆದರು. ಪಂಪಿನವನು ಭೂತಗನ್ನಡಿ ಹಿಡಿದು ಬೋಗುಣಿಯೊಳಗೆ ಮೂಗು ಮುಳುಗುವಷ್ಟು ಬಗ್ಗಿದ್ದ.

"ಮೇಡಂ. ಒಂದು ಗುಳ್ಳೆ."

"ಎಲ್ಲಿ? ಎಲ್ಲಿ?"

"ಬಾಗಿಲಿನ ಅಂಚಲ್ಲಿ. ದಪ್ಪ ಆಗ್ತಿದೆ, ಹೊರಗೆ ಬರೋಕಾಗ್ತಿಲ್ಲ. ಒಳಗಿಂದ ಯಾರೋ ತಳ್ತಿದ್ದಾರೆ. ಮೇಡಂ, ಅಂಚಿನ ಸುತ್ತ ಇದೇನು ಮಿರಮಿರ ಅಂತಿರೋದು?"

ಮೇಡಂ ನೋಡಿದರು. ಮುಖ ಬಿಳುಪಾಯಿತು, ಆಮೇಲೆ ಕೆಂಪು, ಆಮೇಲೆ ಯಾವ ಡ್ರಾಯರಿನಲ್ಲೂ ಇಲ್ಲದ ಒಂದು ಬಣ್ಣ.

"ಅಂಟು," ಎಂದರು. "ನಾನೇ! ಸೋಮವಾರ! ಬಾಗಿಲು ಕಳಚಿ ಬೇರೆ ಚಿಪ್ಪಿನ ಬಾಗಿಲ ಜೊತೆ ಬೆರೆತುಹೋಗಬಾರದು ಅಂತ ಮ್ಯೂಸಿಯಂನಲ್ಲಿ ಮೊದಲು ಅಂಟು ಬಳೀತೀವಿ. ಎಂಟು ಸಾವಿರ ಸಲ ಬಳಿದಿದ್ದೀನಿ, ಕೈಗೇ ಅಭ್ಯಾಸ. ಅಯ್ಯೋ, ಇದು ಎಂಟು ಸಾವಿರದ ನಾನೂರ ಹನ್ನೆರಡನೇದು! ಮಲಗಿರೋರನ್ನ ಮನೆಯೊಳಗೆ ಹಾಕಿ ಹೊರಗಿಂದ ಬೀಗ ಜಡಿದಿದ್ದೀನಿ! ನಿಮ್ಮನ್ನ ಕೊಲೆಗಾರ ಅಂತ ಬೇರೆ ಅಂದೆ!"

"ಪುಣ್ಯಾತ್ಮ ಅಂದ್ರಿ."

"ಅರ್ಥ ಅದೇ ರೀ! ಬ್ಲೇಡು ಕೊಡಿ, ಸಣ್ಣದು, ಆ ಡಬ್ಬೀಲಿ! ಹಿಡ್ಕೊಳ್ಳಿ ಗಟ್ಟಿಯಾಗಿ. ನೀವು ಅಲ್ಲಾಡಬೇಡಿ."

"ಅಲ್ಲಾಡ್ತಿರೋದು ಗುಂಡಣ್ಣ."

ಪಂಪಿನವನು ಎರಡೂ ಕೈಯಲ್ಲಿ ಚಿಪ್ಪು ಹಿಡಿದ. ಮೇಡಂ ಅವನ ಕೈಯ ಮೇಲೆ ಎಡಗೈ ಊರಿ, ಬಲಗೈಯಲ್ಲಿ ಅಂಚಿನ ಸುತ್ತ ಬ್ಲೇಡು ಓಡಿಸಿದರು. ಹದಿಮೂರು ವರ್ಷದ ಕೈ, ಕೂದಲಿನಷ್ಟೂ ತಪ್ಪಲಿಲ್ಲ. ಗಾಜಿನಂಥ ಅಂಟು ಸುರುಳಿಸುರುಳಿಯಾಗಿ ಕಳಚಿ ಬಂತು. ಕೊನೆಯ ಚೂರು ಬಿದ್ದಾಗ ಗಡಿಯಾರದಲ್ಲಿ ಮೂರು ನಲವತ್ತೆರಡು. ಚಿಪ್ಪನ್ನು ನೀರಿಗೆ ಬಿಟ್ಟರು. ಮೇಡಂ ಎಡಗೈ ಇನ್ನೂ ಅವನ ಕೈಯ ಮೇಲೇ ಇತ್ತು. ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಗೊತ್ತಿಲ್ಲದವರಂತಿದ್ದರು.

ಗುಳ್ಳೆ ಹೊರಬಂದು ಒಡೆಯಿತು. ಅಷ್ಟೇ. ಬಾಗಿಲು ತೆರೆಯಲಿಲ್ಲ.

ಮೂರು ನಲವತ್ತೇಳು. ಫೋನು. ಲಾರಿ ಗೇಟಿನ ಹತ್ತಿರ.

"ನಾಲ್ಕು ದಿನ ತಳ್ಳಿ ಸುಸ್ತಾಗಿದೆ ಪಾಪ," ಎಂದರು ಮೇಡಂ. "ನೀವು ಪಂಪನ್ನ ಹೇಗೆ ಎಬ್ಬಿಸ್ತೀರಿ?"

"ನಿಮಗ್ಯಾರು ಹೇಳಿದ್ರು?"

"ನಿಮ್ಮ ಎಂಜಿನಿಯರ್ರೇ. ನಗಾಡ್ತಾ ಹೇಳಿದ್ರು. ನನಗೆ ನಗು ಬರಲಿಲ್ಲ. ಎಬ್ಬಿಸಿ ರೀ. ಹಾಗೇ ಎಬ್ಬಿಸಿ. ನಾನು ಕೇಳಿಸ್ಕೊಳ್ಳಲ್ಲ, ಆ ಕಡೆ ತಿರುಗಿರ್ತೀನಿ."

ಮೇಡಂ ಕಿಟಕಿ ಕಡೆ ತಿರುಗಿದರು. ಪಂಪಿನವನು ತೋರುಬೆರಳನ್ನು ನೀರಿಗಿಳಿಸಿ ಚಿಪ್ಪಿನ ಬೆನ್ನಿಗೆ ಆನಿಸಿದ.

"ಏಳು ರಾಜಾ," ಎಂದ. "ಗಂಟೆ ನಾಲ್ಕಾಗ್ತಾ ಬಂತು. ನಿನ್ನ ಕಡೆಯವರೆಲ್ಲ ಕೆಸರಲ್ಲಿ ಮಲಗಿದ್ದಾರೆ. ನೀನು ಒಬ್ಬ ಎದ್ರೆ ಎಲ್ಲರೂ ಉಳೀತಾರೆ. ಗುಂಡಣ್ಣನೋ ಗುಂಡಕ್ಕನೋ, ಯಾರಾದ್ರೂ ಸರಿ, ಏಳು. ಬಾಗಿಲು ಹಾಕ್ಕೊಂಡು ಕೂರೋದು ನನಗೂ ಗೊತ್ತು. ಮೂವತ್ತೆಂಟು ವರ್ಷ ಹಾಕ್ಕೊಂಡಿದ್ದೀನಿ. ಒಳಗೆ ಸುಖವಾಗಿರುತ್ತೆ, ಯಾರೂ ಬೈಯಲ್ಲ, ಬಿದ್ರೆ ಪೆಟ್ಟಾಗಲ್ಲ. ಆದ್ರೆ ಸೋಮವಾರ ನಾನು ಈ ಕೋಣೆಗೆ ಬಂದೆ. ಇಲ್ಲೊಬ್ಬರು ಮೇಡಂ ಇದ್ದಾರೆ. ಖುಷಿಯಾದ್ರೆ ತುದಿಗಾಲಲ್ಲಿ ನಿಲ್ತಾರೆ. ಕೆಳತುಟಿಯ ಎಡಮೂಲೆಯಲ್ಲಿ ಒಂದು ಶಾಯಿ ಚುಕ್ಕೆ ಇದೆ. ಒರೆಸ್ಕೊಳ್ಳಿ ಅಂತ ಹೇಳಬೇಕು ಅಂತ ಐದು ದಿನದಿಂದ ಅಂದ್ಕೊಳ್ತಿದ್ದೀನಿ. ಹೇಳಿಲ್ಲ. ಒರೆಸ್ಕೊಂಡ್ರೆ ಹೋಗುತ್ತಲ್ಲ ಅಂತ ಹೇಳಿಲ್ಲ."

ಕಿಟಕಿಯ ಹತ್ತಿರ ಒಂದು ಕೈ ಮೆಲ್ಲಗೆ ತುಟಿಯವರೆಗೆ ಹೋಯಿತು. ಒರೆಸಲಿಲ್ಲ.

"ಅವರು ನಿನ್ನೆ ಕೇಳಿದ್ರು, ಇನ್ಮೇಲೆ ಬರೋಕೆ ಕಾರಣ ಇರಲ್ಲ ಅಲ್ವಾ ಅಂತ. ಇದೆ ರಾಜಾ. ಕಾರಣ ಇದೆ. ನೀನು ಎದ್ದರೂ ಇದೆ, ಏಳದಿದ್ದರೂ ಇದೆ. ಅದನ್ನ ಅವರಿಗೆ ಹೇಳೋ ಧೈರ್ಯ ನನಗಿಲ್ಲ, ಅದಕ್ಕೆ ನಿನಗೆ ಹೇಳ್ತಿದ್ದೀನಿ. ಸ್ವಲ್ಪ ಕೇಳಿಸ್ಕೊ. ವಿಷಯ ಏನಪ್ಪಾ ಅಂದ್ರೆ, ನಾನು ಆ ಮೇಡಂನ..."

ಟಕ್.

ಪಕ್ಕದ ಬೀದಿಯವರೆಗೂ ಕೇಳಿಸಿತಂತೆ. ಬಾಗಿಲು ಕೂದಲೆಳೆಯಷ್ಟು ತೆರೆಯಿತು. ನೀರಿನ ರುಚಿ ನೋಡಿತು. ಎಡಗಡೆಯಿಂದ ಪುಟ್ಟ ಕೊಳವೆಯೊಂದು ಹೊರಟು, ಆನೆ ಸೊಂಡಿಲು ಎತ್ತಿದಂತೆ ಮೇಲಕ್ಕೆ ಚಾಚಿ, ಹದಿನಾಲ್ಕು ತಿಂಗಳ ಬಾಕಿ ಉಸಿರನ್ನೆಲ್ಲ ಎಳೆದುಕೊಂಡಿತು. ಮುಂದೆ ಹಿಂದೆ, ಮುಂದೆ ಹಿಂದೆ. ಎರಡು ಉದ್ದ ಕೋಡು ಮೂಡಿದವು. ಅಗಲವಾದ ಪಾದ ಬಿಚ್ಚಿಕೊಂಡಿತು.

ಮೇಡಂ ಕಿರುಚಿದರೋ ನಕ್ಕರೋ ಅವರಿಗೇ ಗೊತ್ತಿಲ್ಲ. ಎರಡೂ ಪಾದ ನೆಲ ಬಿಟ್ಟಿದ್ದವು, ಇದಕ್ಕೆ ಮೀಸೆಯಾಣೆ. ಫೋನು ಹೊಡೆದುಕೊಳ್ಳುತ್ತಿತ್ತು. ಗುಂಡಣ್ಣ ಅದಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಪಂಪಿನವನ ಬೆರಳನ್ನು ಬಳಸಿ, ಬೋಗುಣಿಯ ಗೋಡೆ ಹತ್ತಿ, ಅಂಚು ದಾಟಿ, ಮೇಜಿಗೆ ಇಳಿದು, ಬಿಡಿಸಿಟ್ಟ ಫಾರಂನ ಮೇಲೆ ಸಹಿ ಹಾಕುವ ಗೆರೆಯುದ್ದಕ್ಕೂ ಒದ್ದೆಯಾಗಿ, ಮಿರಮಿರನೆ, ತನ್ನ ಪಾಡಿಗೆ ನಡೆದುಹೋಯಿತು.

ಮೇಡಂ ಫೋನ್ ಎತ್ತಿದರು. "ಲಾರಿ ವಾಪಸ್ ಕಳಿಸಿ ಸಾರ್. ಇಲ್ಲಿ ಜೀವ ಇದೆ. ಸಹಿ ಕೂಡ ಅದೇ ಹಾಕಿದೆ."

ಫೋನ್ ಇಟ್ಟರು. ಪಂಪಿನವನು ಒದ್ದೆ ಬೆರಳನ್ನು ಗಾಳಿಯಲ್ಲೇ ಹಿಡಿದುಕೊಂಡು, ಅರ್ಧಕ್ಕೆ ನಿಂತ ವಾಕ್ಯವನ್ನು ಬಾಯಲ್ಲೇ ಇಟ್ಟುಕೊಂಡು ನಿಂತಿದ್ದ. ಕೇಳುತ್ತಿದ್ದವನು ಎದ್ದು ಹೋಗಿದ್ದ.

ಮೇಡಂ ಬಂದು ಬೋಗುಣಿಯ ಮುಂದೆ, ಹುಳು ಇದ್ದ ಕಡೆಯಲ್ಲೇ, ಗಲ್ಲಕ್ಕೆ ಕೈಕೊಟ್ಟು ಕೂತರು. ಶಾಯಿ ಚುಕ್ಕೆ ಹಾಗೇ ಇತ್ತು.

"ಅದು ಹೋದ್ರೆ ಹೋಗಲಿ ಬಿಡಿ," ಎಂದರು. "ನಾನಿದ್ದೀನಲ್ಲ. ಎಲ್ಲಿಗೆ ನಿಲ್ಲಿಸಿದ್ರಿ? 'ಆ ಮೇಡಂನ'... ಮುಂದೆ?"